ನಿಂತಷ್ಟೂ ಮೈಲೇಜು: ಮಾದಾಪುರದ ಹೈಬ್ರಿಡ್ ಗಾಡಿಯೊಂದಿಗೆ ಮಾತುಕತೆ

ಹೈದರಾಬಾದಿನ ಮಾದಾಪುರದಲ್ಲಿ ಕನ್ನಡ ಮಾತಾಡುವವರಿಗೆ ಬರವಿಲ್ಲ. ಬೀದರ್, ಕಲಬುರಗಿ, ರಾಯಚೂರಿನ ಹುಡುಗರು ಹೈಟೆಕ್ ಸಿಟಿಯ ಯಾವ ಕಟ್ಟಡದ ಕ್ಯಾಂಟೀನಿಗೆ ಹೋದರೂ ಸಿಗುತ್ತಾರೆ. ಆದರೆ ಅಚ್ಚ ಬಿಡದಿ ಕನ್ನಡದವರು ಸಿಕ್ಕಿದ್ದು ಒಂದು ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟಿನಲ್ಲಿ, ಕಂಬಕ್ಕೂ ಗೋಡೆಗೂ ನಡುವೆ. ಬಿಳಿ ಬಣ್ಣ, ‘ಟಿಜಿ’ ನಂಬರ್ ಪ್ಲೇಟು, ಹಿಂಬಾಗಿಲ ಮೇಲೆ ‘ಹೈಬ್ರಿಡ್’ ಎಂಬ ಬಿಲ್ಲೆ. ಯಜಮಾನರು ಬೀದರ್ ಕಡೆಯ ಸಾಫ್ಟ್‌ವೇರ್ ನೌಕರರು. ಅವರು ಮೇಲಿನ ಮನೆಯಲ್ಲಿ ಅಮೆರಿಕದವರ ಜತೆ ಮೀಟಿಂಗಿನಲ್ಲಿದ್ದಾಗ ಗಾಡಿ ನಮ್ಮೊಂದಿಗೆ ಮಾತಾಡಿತು. ಏ.ಸಿ. ಹಾಕಿಕೊಂಡೇ ಮಾತಾಡಿತು. ಇಂಜಿನ್ ಮಾತ್ರ ಬಾಯಿ ಬಿಡಲಿಲ್ಲ.

ನಮಸ್ಕಾರ. ಊರು, ಮನೆತನ ಸ್ವಲ್ಪ ಹೇಳಿ.

ಬಿಡದಿ ಸ್ವಾಮಿ. ಮೈಸೂರು ರೋಡಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ನಿಲ್ಲಿಸ್ತೀರಲ್ಲ, ಅದೇ ಬಿಡದಿ. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ. 2022ರಲ್ಲಿ ನಮ್ಮ ಸಂತಾನ ಶುರುವಾಯ್ತು. ಅದೇ ಸಾಲಲ್ಲಿ ನನ್ನ ಅವಳಿ ತಮ್ಮನೂ ಹುಟ್ಟಿದ. ನನಗೆ ಅರ್ಬನ್ ಕ್ರೂಸರ್ ಹೈರೈಡರ್ ಅಂತ ಹೆಸರಿಟ್ಟು ಮನೇಲಿಟ್ಕೊಂಡ್ರು, ಅವನಿಗೆ ಗ್ರ್ಯಾಂಡ್ ವಿಟಾರಾ ಅಂತ ಹೆಸರಿಟ್ಟು ಮಾರುತಿಯವರಿಗೆ ದತ್ತು ಕೊಟ್ರು. ಮುಖ ಬೇರೆ, ಕರುಳು ಒಂದೇ. ಸಿಗ್ನಲ್‌ನಲ್ಲಿ ಅಕ್ಕಪಕ್ಕ ನಿಂತಾಗ ಎರಡೂ ಕಡೆ ಯಜಮಾನರು ‘ನಾನೇ ಸರಿಯಾದ್ದು ತಗೊಂಡೆ’ ಅಂತ ಮೀಸೆ ತಿರುವ್ತಾರೆ. ನಾವಿಬ್ಬರೂ ಸುಮ್ನೆ ಇರ್ತೀವಿ.

ಪೂರ್ವಜರು?

ಬಹಳ ದೊಡ್ಡೋರು. 1900ರ ಹೊತ್ತಿಗೇ ಫರ್ಡಿನಾಂಡ್ ಪೋರ್ಷೆ ಅನ್ನೋರು ವಿಯೆನ್ನಾದಲ್ಲಿ ಪೆಟ್ರೋಲೂ ಕರೆಂಟೂ ಸೇರಿಸಿ ಗಾಡಿ ಓಡಿಸಿದ್ರು. ಆಮೇಲೆ ಸುಮಾರು ನೂರು ವರ್ಷ ಯಾರೂ ನಮ್ಮನ್ನ ಸೀರಿಯಸ್ಸಾಗಿ ತಗೊಳ್ಲಿಲ್ಲ. 1997ರ ಡಿಸೆಂಬರ್‌ನಲ್ಲಿ ಜಪಾನಲ್ಲಿ ಪ್ರಿಯಸ್ ಬಂತು. ಬಿಡದಿಯ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಈ ಮಾದಾಪುರದ ಸೈಬರ್ ಟವರ್ಸನ್ನ ವಾಜಪೇಯಿಯವರು ಉದ್ಘಾಟನೆ ಮಾಡಿದ್ದು ಮುಂದಿನ ವರ್ಷ, 1998ರ ನವೆಂಬರ್‌ನಲ್ಲಿ. ಅಂದ್ರೆ ಜಾಮ್ ಒಂದ್ಕಡೆ, ಜಾಮಿಗೆ ತಕ್ಕ ಗಾಡಿ ಇನ್ನೊಂದ್ಕಡೆ, ಒಟ್ಟೊಟ್ಟಿಗೆ ಬೆಳೀತಾ ಬಂದ್ವು. ಋಣಾನುಬಂಧ ಅಂತೀನಿ ನಾನು.

ಜಾಮಿಗೆ ತಕ್ಕ ಗಾಡಿ ಅಂದರೆ?

ಇದನ್ನ ಕೇಳ್ಲಿ ಅಂತಾನೇ ಕಾಯ್ತಾ ಇದ್ದೆ. ಪೆಟ್ರೋಲ್ ಗಾಡಿಗಳೆಲ್ಲ ಹೈವೇಲಿ ಹೆಚ್ಚು ಮೈಲೇಜು ಕೊಟ್ಟು ಊರೊಳಗೆ ಸೊರಗ್ತವೆ. ನಾನು ತಿರುಗಾಮುರುಗಾ. ಬೆಳಿಗ್ಗೆ ಒಂಬತ್ತೂವರೆಗೆ ಹಂಡ್ರೆಡ್ ಫೀಟ್ ರೋಡಲ್ಲಿ ನನ್ನ ನೋಡ್ಬೇಕು ನೀವು. ಮುಂದೆ ಕಂಪನಿ ಕ್ಯಾಬು, ಎಡಕ್ಕೆ ಆಟೋ, ಬಲಕ್ಕೆ ತಪ್ಪು ದಿಕ್ಕಲ್ಲಿ ಬರೋ ಡೆಲಿವರಿ ಹುಡುಗ. ಒಂದು ಗಾಡಿಯುದ್ದ ಮುಂದಕ್ಕೆ ಹೋಗೋದು, ನಿಲ್ಲೋದು. ಮುಂದಕ್ಕೆ ಹೋಗೋದು, ನಿಲ್ಲೋದು. ಎಲ್ಲರ ಇಂಜಿನ್ನೂ ಹೊಗೆ ಬಿಟ್ಕೊಂಡು ಗೊಣಗ್ತಿರುತ್ತೆ. ನನ್ನ ಇಂಜಿನ್ ಮಲಗಿರುತ್ತೆ. ತೆವಳೋಕೆ ಮೋಟಾರ್ ಸಾಕು. ಬ್ರೇಕ್ ಒತ್ತಿದಾಗ ಬೇರೆ ಗಾಡಿಯ ಓಟವೆಲ್ಲ ಬ್ರೇಕ್ ಪ್ಯಾಡಲ್ಲಿ ಬಿಸಿಯಾಗಿ ಹಾಳಾಗುತ್ತೆ. ನಾನು ಅದೇ ಮೋಟಾರನ್ನ ಜನರೇಟರ್ ಮಾಡ್ಕೊಂಡು, ಆ ಓಟದಿಂದಲೇ ಕರೆಂಟು ಮಾಡಿ ಬ್ಯಾಟರಿಗೆ ತುಂಬ್ಕೋತೀನಿ. ಮೈಂಡ್‌ಸ್ಪೇಸ್ ಜಂಕ್ಷನ್ ತಲುಪೋ ಹೊತ್ತಿಗೆ ನೀವೆಲ್ಲ ರಕ್ತದೊತ್ತಡ ಏರಿಸ್ಕೊಂಡಿರ್ತೀರಿ. ನಾನು ಮೈಲೇಜು ಏರಿಸ್ಕೊಂಡಿರ್ತೀನಿ.

ನಮ್ಮ ಕಂಪನಿಯೋರು ಮೊದಲೇ ಹೇಳಿದ್ರು ನೋಡಿ: ಸಮಯದ ಲೆಕ್ಕದಲ್ಲಿ ಶೇ. 60ರವರೆಗೆ, ದೂರದ ಲೆಕ್ಕದಲ್ಲಿ ಶೇ. 40ರವರೆಗೆ ಕರೆಂಟಲ್ಲೇ ನಡೀತೀನಿ ಅಂತ. ಸಮಯ ಜಾಸ್ತಿ, ದೂರ ಕಡಿಮೆ ಯಾಕೆ? ಯಾಕಂದ್ರೆ ನಿಂತಿರ್ತೀನಿ! ಮಾದಾಪುರದಲ್ಲಿ ನಿಲ್ಲೋದೇ ಪ್ರಯಾಣ.

ಅಂದರೆ ಫ್ಲೈಓವರ್ ಕಟ್ಟಿದರೆ ನಿಮಗೆ ನಷ್ಟ?

ಭಯ ಆಗುತ್ತೆ ಸ್ವಾಮಿ. 2020ರ ಸೆಪ್ಟೆಂಬರ್‌ನಲ್ಲಿ ದುರ್ಗಂ ಚೆರುವಿನ ಮೇಲೆ ಕೇಬಲ್ ಸೇತುವೆ ತೆರೆದ್ರು, ಕೊತ್ತಗುಡದಲ್ಲಿ ಫ್ಲೈಓವರ್ ಬಂತು, ಶಿಲ್ಪಾ ಲೇಔಟಲ್ಲಿ ಇನ್ನೊಂದು ಬಂತು. ನಮ್ಮ ಕುಲಕ್ಕೆ ಇನ್ನು ಉಳಿಗಾಲ ಇಲ್ಲ ಅಂತ ಷೋರೂಮಿಗೆ ಬಂದಾಗಲೇ ಕೇಳಿದ್ದೆ. ಆದ್ರೆ ದೇವರು ದೊಡ್ಡೋನು. ಫ್ಲೈಓವರ್ ಇಳಿದ ತಕ್ಷಣ ಜಾಮ್ ಹಾಗೇ ಇದೆ, ಜಾಗ ಮಾತ್ರ ಬದಲಾಗಿದೆ. ಮಳೆಗಾಲವಂತೂ ಸುಗ್ಗಿ. 2023ರ ಜುಲೈ ಮಳೆಯಲ್ಲಿ ಸೈಬರಾಬಾದ್ ಪೊಲೀಸರು ಐಟಿ ಕಂಪನಿಗಳಿಗೆ ‘ನಿಮ್ಮ ಜನಾನ ಒಟ್ಟಿಗೆ ಬಿಡಬೇಡಿ, ಹಂತ ಹಂತವಾಗಿ ಮನೆಗೆ ಕಳಿಸಿ’ ಅಂತ ಹೇಳ್ಬೇಕಾಯ್ತು. ಆ ಥರದ ಸಂಜೆ ನನ್ನ ಪರದೆ ಮೇಲಿನ ಅಂಕಿ ನೋಡಿದ್ರೆ ನಿಮ್ಮ ಕಣ್ಣು ತಂಪಾಗುತ್ತೆ.

ಒಂದು ಮಾತು ಮುಚ್ಚಿಡಲ್ಲ. ಮೇ ತಿಂಗಳ ಬಿಸಿಲಲ್ಲಿ ಏ.ಸಿ. ಜೋರಾಗಿಟ್ಟು ಜಾಸ್ತಿ ಹೊತ್ತು ನಿಲ್ಲಿಸಿದ್ರೆ ಬ್ಯಾಟರಿ ಇಳಿಯುತ್ತೆ, ನಿಂತಲ್ಲೇ ಇಂಜಿನ್ ಎಬ್ಬಿಸ್ಬೇಕಾಗುತ್ತೆ. ಆಗ ನಾನೂ ಎಲ್ಲರ ಥರ ಗೊಣಗ್ತೀನಿ. ಮೂರು ಸಿಲಿಂಡರ್ ದನಿ, ಅಷ್ಟೇನೂ ಇಂಪಲ್ಲ.

ಚಾರ್ಜ್ ಎಲ್ಲಿ ಮಾಡುತ್ತಾರೆ?

ನೀವೂನಾ? ವಾಚ್‌ಮನ್ ದಿನಾ ನನ್ನ ಸುತ್ತ ಟಾರ್ಚ್ ಹಿಡ್ಕೊಂಡು ಪ್ರದಕ್ಷಿಣೆ ಹಾಕ್ತಾನೆ. ‘ಚಾರ್ಜಿಂಗ್ ಎಕ್ಕಡ ಸಾರ್?’ ಅಂತಾನೆ. ಯಜಮಾನರ ಭಾವಮೈದ ಪೆಟ್ರೋಲ್ ಮುಚ್ಚಳ ತೆಗೆದು ಒಳಗೆ ಇಣುಕಿ ನೋಡಿದ. ನನಗೆ ಪ್ಲಗ್ಗೇ ಇಲ್ಲ ಸ್ವಾಮಿ. ನನ್ನ ಬ್ಯಾಟರಿ ಮುಕ್ಕಾಲು ಯೂನಿಟ್ಟಿನದು, ಅಷ್ಟೇ. ಅದರಲ್ಲಿ ನಿಮ್ಮ ಬಚ್ಚಲಿನ ಎರಡು ಕಿಲೋವ್ಯಾಟ್ ಗೀಸರ್ ಇಪ್ಪತ್ತು ಚಿಲ್ಲರೆ ನಿಮಿಷ ಉರಿಯುತ್ತೆ. ಜಾಹೀರಾತಲ್ಲಿ ‘ತಾನಾಗೇ ಚಾರ್ಜ್ ಆಗೋ ಕಾರು’ ಅಂತಾರಲ್ಲ, ಆ ಮಾತಿಗೆ ನಾರ್ವೆಯ ಗ್ರಾಹಕ ಪ್ರಾಧಿಕಾರದೋರು 2020ರಲ್ಲೇ ‘ಇದು ಜನರ ದಾರಿ ತಪ್ಪಿಸೋ ಮಾತು’ ಅಂತ ತಡೆ ಹಾಕಿದ್ರು. ನ್ಯಾಯವೇ. ನನ್ನೊಳಗಿನ ಕರೆಂಟೆಲ್ಲ ಕೊನೆಗೆ ಬಂಕಿನಿಂದಲೇ ಬಂದಿದ್ದು. ನಾನು ಪೆಟ್ರೋಲ್ ಕುಡಿಯೋನೇ. ಚೆಲ್ಲದೆ ಕುಡೀತೀನಿ, ಅಷ್ಟೇ.

ಪಕ್ಕದಲ್ಲಿ ನಿಂತಿರುವ ಎಲೆಕ್ಟ್ರಿಕ್ ಕಾರಿನ ಜತೆ ಸಂಬಂಧ ಹೇಗೆ?

ಆ ಹಸಿರು ನಂಬರ್ ಪ್ಲೇಟಿನೋನಾ? ಸರ್ಕಾರದ ಮುದ್ದಿನ ಅಳಿಯ. ಅವನ ಜಿ.ಎಸ್.ಟಿ. ಶೇ. 5. ನನ್ನದು ಸೆಸ್ಸೂ ಸೇರಿ ಶೇ. 43 ಇತ್ತು, 2025ರ ಸೆಪ್ಟೆಂಬರ್ 22ರಿಂದ ದಯೆ ತೋರಿಸಿ ಶೇ. 40 ಮಾಡಿದ್ರು. ನಾಲ್ಕು ಮೀಟರಿಗಿಂತ ಉದ್ದ ಬೆಳೆದದ್ದೂ, 1200 ಸಿ.ಸಿ.ಗಿಂತ ದೊಡ್ಡ ಇಂಜಿನ್ ಇಟ್ಕೊಂಡದ್ದೂ ನಾನು ಮಾಡಿದ ಪಾಪ. ತೆಲಂಗಾಣ ಸರ್ಕಾರ 2024ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿ, 2026ರ ಕೊನೆವರೆಗೆ ಅವನಿಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡೂ ಮಾಫಿ ಮಾಡ್ತು. ನನ್ನ ಯಜಮಾನರು ಲೈಫ್ ಟ್ಯಾಕ್ಸೇ ಶೇ. 17 ಕಟ್ಟಿದ್ರು. ಉತ್ತರ ಪ್ರದೇಶದಲ್ಲಿ 2024ರ ಜುಲೈಯಲ್ಲಿ ನಮ್ಮಂಥ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆ ತೆಗೆದುಹಾಕಿದ್ರಂತೆ. ಅದನ್ನ ಕೇಳಿದ ರಾತ್ರಿ ಯಜಮಾನರಿಗೆ ನಿದ್ದೆ ಬರ್ಲಿಲ್ಲ.

ಆದ್ರೂ ಅವನಿಗೂ ಕಷ್ಟ ಇದೆ. ಬೇಸ್‌ಮೆಂಟಲ್ಲಿ ಚಾರ್ಜಿಂಗ್ ಪಾಯಿಂಟು ಯಾರ ಮೀಟರಿಗೆ ಸೇರ್ಬೇಕು ಅಂತ ಅಸೋಸಿಯೇಷನ್ ಮೀಟಿಂಗಲ್ಲಿ ಕುರ್ಚಿ ಎತ್ತೋದೊಂದು ಬಾಕಿ. ಆಗ ನಾನು ಮೂಲೆಯಲ್ಲಿ ನಿಂತು ಕೇಳಿಸ್ಕೋತಿರ್ತೀನಿ.

ಕಂಪನಿ ಹೇಳಿದ ಮೈಲೇಜು ಕೊಡುತ್ತೀರಾ?

ಕಾಗದದ ಮೇಲೆ ಲೀಟರಿಗೆ 27.97. ಎರಡನೇ ದಶಮಾಂಶದವರೆಗೆ ಅಳೆದವರ ತಾಳ್ಮೆಗೆ ಕೈಮುಗಿಬೇಕು. ಊರೊಳಗೆ ಯಜಮಾನರ ಕಾಲು ಮೆತ್ತಗಿದ್ರೆ 22, 23. ಈಗಿನ ಪೆಟ್ರೋಲಲ್ಲಿ ಶೇ. 20 ಎಥನಾಲು ಬೇರೆ. ಅದಕ್ಕೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ ಕಸುವು. ಆದ್ರೆ ಯಜಮಾನರಿಗೆ ಇದೆಲ್ಲ ಬೇಕಿಲ್ಲ. ಮೊದಲು ರಸ್ತೆ ನೋಡ್ಕೊಂಡು ಓಡಿಸ್ತಿದ್ರು, ಈಗ ಪರದೆ ನೋಡ್ಕೊಂಡು ಓಡಿಸ್ತಾರೆ. ಚಕ್ರದಿಂದ ಬ್ಯಾಟರಿಗೆ ಬಾಣ ಹರಿದ್ರೆ ಮುಖ ಅರಳುತ್ತೆ, ಇಂಜಿನ್ ಕಡೆಯಿಂದ ಹರಿದ್ರೆ ಬಾಡುತ್ತೆ. ಸಿಗ್ನಲ್ಲು ಇನ್ನೂ ಕಾಲು ಕಿಲೋಮೀಟರ್ ದೂರ ಇರುವಾಗಲೇ ಆಕ್ಸಿಲರೇಟರ್ ಬಿಟ್ಟು ತೇಲಿಸ್ತಾರೆ. ಹಿಂದಿನೋರು ಹಾರ್ನಲ್ಲಿ ಹಿರಿಯರನ್ನೆಲ್ಲ ನೆನೀತಾರೆ. ಮನೆಗೆ ಬಂದು ಇಳಿಯೋ ಮೊದಲು ಅಂಕಿಯ ಫೋಟೋ ತೆಗೆದು ‘ನಮ್ಮ ಪರಿವಾರ’ ಗ್ರೂಪಿಗೆ ಹಾಕ್ತಾರೆ. ಮಾವ ಒಬ್ಬರು ಹೆಬ್ಬೆಟ್ಟು ಒತ್ತುತ್ತಾರೆ. ಡೀಸೆಲ್ ಇನ್ನೋವಾ ಇಟ್ಟಿರೋ ದೊಡ್ಡಪ್ಪನ ಮಗ ನೋಡಿಯೂ ನೋಡದ ಹಾಗಿರ್ತಾನೆ.

ಮೈಲೇಜಿನಿಂದ ದುಡ್ಡು ಉಳಿಯಿತೇ?

ಕೂತ್ಕೊಳ್ಳಿ, ಲೆಕ್ಕ ಹಾಕೋಣ. ಸಾದಾ ಪೆಟ್ರೋಲ್ ಆಟೋಮ್ಯಾಟಿಕ್‌ಗಿಂತ ನಾನು ತೆರಿಗೆ ಎಲ್ಲ ಸೇರಿ ಮೂರು ಲಕ್ಷ ಜಾಸ್ತಿ ಅಂತಿಟ್ಕೊಳ್ಳಿ. ಅವನು ಈ ಊರಲ್ಲಿ ಲೀಟರಿಗೆ 13 ಕೊಟ್ರೆ ನಾನು 22. ಪೆಟ್ರೋಲ್ ಲೀಟರಿಗೆ 107 ರೂಪಾಯಿ ಅಂತಿಟ್ಕೊಳ್ಳಿ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸಿದ್ರೆ 315 ಲೀಟರ್ ಉಳಿಯುತ್ತೆ, ಅಂದ್ರೆ ಸುಮಾರು 33,700 ರೂಪಾಯಿ. ಮೂರು ಲಕ್ಷ ವಾಪಸ್ ಬರೋಕೆ ಒಂಬತ್ತು ವರ್ಷ. ಬ್ಯಾಟರಿಯ ವಾರಂಟಿ ಎಂಟು ವರ್ಷ.

ಇದು ಹತ್ತು ಸಾವಿರದ ಮಾತು. ನನ್ನ ಯಜಮಾನರು ವರ್ಷಕ್ಕೆ ಆರು ಸಾವಿರ ಮುಟ್ಟಿಸಿದ್ರೆ ಹೆಚ್ಚು. ಅವರಿಗೆ ಸುಮಾರು ಹದಿನೈದು ವರ್ಷ ಬೇಕು. ಆರ್.ಸಿ. ಆಯಸ್ಸೂ ಹದಿನೈದೇ ವರ್ಷ. ಅಂದ್ರೆ ಆರ್.ಟಿ.ಎ. ಆಫೀಸಲ್ಲಿ ನವೀಕರಣಕ್ಕೆ ಕ್ಯೂ ನಿಂತ ದಿನದಿಂದ ಅವರಿಗೆ ಲಾಭ ಶುರು. ಸಾಲದ ಬಡ್ಡಿ ನಾನು ಹಿಡಿದಿಲ್ಲ. ಅದನ್ನ ಹಿಡಿದ್ರೆ ಮಗನ ಕಾಲಕ್ಕೆ ಹೋಗುತ್ತೆ.

ಊರಿಗೆ ಹೋಗುವಾಗ?

ಬೀದರ್ ಪ್ರಯಾಣ ನನ್ನ ಮಾನ ಕಳೆಯುತ್ತೆ. ಔಟರ್ ರಿಂಗ್ ರೋಡು ಹತ್ತಿದ್ರೆ ವೇಗದ ಮಿತಿ 120. ಬ್ರೇಕೇ ಒತ್ತಲ್ಲ, ಕರೆಂಟು ಎಲ್ಲಿಂದ ಬರ್ಬೇಕು? ಸಂಗಾರೆಡ್ಡಿ ದಾಟೋ ಹೊತ್ತಿಗೆ ಮೈಲೇಜು ಇಳೀತಾ ಇರುತ್ತೆ, ಯಜಮಾನರ ಮುಖವೂ. ಜಹೀರಾಬಾದ್ ಹತ್ರ ಟ್ಯಾಂಕು ತಳ ಕಂಡ್ರೂ ಹಾಕಿಸಲ್ಲ. ಕರ್ನಾಟಕದ ಗಡಿ ದಾಟಿದ್ರೆ ಲೀಟರಿಗೆ ನಾಲ್ಕು ರೂಪಾಯಿ ಅಗ್ಗ ಅಂತ ಉಸಿರು ಬಿಗಿಹಿಡಿದು ಓಡಿಸ್ತಾರೆ. ನಲವತ್ತು ಲೀಟರಿಗೆ ನೂರರವತ್ತು ಉಳಿಸಿ, ಆ ಖುಷಿಗೆ ಎಲ್ಲರಿಗೂ ಮುನ್ನೂರು ರೂಪಾಯಿ ತಿಂಡಿ ಕೊಡಿಸ್ತಾರೆ.

ಅಜ್ಜಿಗೆ ಬೇರೆಯೇ ಚಿಂತೆ. ಪಾರ್ಕಿಂಗಿನಿಂದ ಹೊರಡುವಾಗ ಪ್ರತಿ ಸಲ ಕೇಳ್ತಾರೆ: ‘ಏ ತಮ್ಮಾ, ಗಾಡಿ ಚಾಲೂ ಆಗ್ಯಾದೋ ಇಲ್ಲೋ? ಸಪ್ಪಳಾನೇ ಬರವಲ್ದು.’ ವಾಪಸ್ ಬರುವಾಗ ಅವರದೇ ಖಡಕ್ ರೊಟ್ಟಿ ಗಂಟು, ತೊಗರಿಬೇಳೆ ಚೀಲ, ಶೇಂಗಾ ಹಿಂಡಿ ಡಬ್ಬಿ. ನನ್ನ ಡಿಕ್ಕಿಯ ಸುಮಾರು ಮೂರನೇ ಒಂದು ಪಾಲಿಗೆ ಬ್ಯಾಟರಿ ಬಂದು ಕೂತಿದೆ. ಸಾದಾ ಗಾಡಿಗೆ 373 ಲೀಟರ್ ಜಾಗ, ನನಗೆ 265ರ ಆಸುಪಾಸು. ಹೀಗಾಗಿ ಬೇಳೆ ಚೀಲ ಹಿಂದಿನ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕೂರುತ್ತೆ, ಮಗ ಅದರ ಪಕ್ಕ ಮುದುರಿಕೊಂಡು ಕೂರ್ತಾನೆ.

ಉಳಿದ ದಿನ ಎಲ್ಲಿಗೆ ಓಡಾಟ?

ಆಫೀಸಿಗೆ. ನಾಲ್ಕು ಕಿಲೋಮೀಟರ್.

ನಾಲ್ಕೇ?

ನಾಲ್ಕೇ. ತಲೆ ಮೇಲೆ ಮೆಟ್ರೋ ಹೋಗ್ತಿರುತ್ತೆ. 2019ರಲ್ಲೇ ಹೈಟೆಕ್ ಸಿಟಿಗೆ ಬಂತು, ಅದೇ ವರ್ಷದ ಕೊನೆಗೆ ರಾಯದುರ್ಗಕ್ಕೂ ಹೋಯ್ತು. ಕೆಳಗೆ ಒಂದೂಕಾಲು ಟನ್ ತೂಕದ ನಾನು ಎಪ್ಪತ್ತು ಕಿಲೋದ ಒಬ್ಬ ಮನುಷ್ಯನನ್ನೂ ಒಂದು ಲ್ಯಾಪ್‌ಟಾಪ್ ಚೀಲವನ್ನೂ ಹೊತ್ಕೊಂಡು ತೆವಳ್ತಿರ್ತೀನಿ. ‘ಫ್ಯಾಮಿಲಿ ಕಾರು’ ಅಂತ ತಂದ್ರು. ಫ್ಯಾಮಿಲಿ ನನ್ನೊಳಗೆ ಪೂರ್ತಿ ಕೂತಿದ್ದು ದಸರಾಕ್ಕೆ, ಯುಗಾದಿಗೆ. ನನ್ನ ಹಿಂದೆ ನಿಂತಿರೋ ಗಾಡೀಲೂ ಒಬ್ಬರೇ, ಅದರ ಹಿಂದಿನದರಲ್ಲೂ ಒಬ್ಬರೇ. ಜಾಮ್ ಮಾಡಿದ್ದು ಯಾರು ಅಂತ ಎಲ್ಲರೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಹುಡುಕ್ತಾರೆ. ನಾನು ಉತ್ತರ ಹೇಳಲ್ಲ. ಜಾಮ್ ಕರಗಿದ್ರೆ ನನ್ನ ಮೈಲೇಜು ಹೋಗುತ್ತಲ್ಲ.

ಹಾಗಾದರೆ ನಿಮ್ಮನ್ನು ಕೊಳ್ಳಬೇಕಾದವರು ಯಾರು? ಕಂಪನಿಗೆ ಹೇಳುವುದಿಲ್ಲ, ನಿಜ ಹೇಳಿ.

ದಿನಾ ನಲವತ್ತು, ಐವತ್ತು ಕಿಲೋಮೀಟರ್ ಊರೊಳಗೇ ಅಲೆಯೋರು, ಮನೇಲಿ ಚಾರ್ಜಿಂಗ್ ಪಾಯಿಂಟ್ ಸಿಗದೋರು, ಹತ್ತು ವರ್ಷ ಗಾಡಿ ಮಾರದೆ ಇಟ್ಕೊಳ್ಳೋರು. ಅಂಥೋರಿಗೆ ನಾನು ಬಂಗಾರ. ಆಫೀಸು ನಾಲ್ಕು ಕಿಲೋಮೀಟರ್ ಇದ್ದೋರು ಸಾದಾ ಗಾಡಿ ತಗೊಂಡು, ಉಳಿದ ಮೂರು ಲಕ್ಷಾನ ಬ್ಯಾಂಕಲ್ಲಿಟ್ಟು, ಬಡ್ಡೀಲಿ ಪೆಟ್ರೋಲ್ ಹಾಕಿಸ್ಕೊಳ್ಲಿ. ಇಲ್ಲ ಮೆಟ್ರೋ ಹತ್ತಲಿ.

ಕೊನೆಯದಾಗಿ ಓದುಗರಲ್ಲಿ ಏನಾದರೂ ಕೋರಿಕೆ?

ಒಂದಿದೆ. ನಮ್ಮ ಬ್ಯಾಟರಿ ತಣ್ಣಗಿರೋಕೆ ಗಾಡಿಯ ಹಿಂಭಾಗದಲ್ಲಿ ಒಂದು ಗಾಳಿಯ ಕಿಂಡಿ ಕೊಟ್ಟಿರ್ತಾರೆ. ಅದು ಎಲ್ಲಿದೆ ಅಂತ ಮ್ಯಾನುಯಲ್‌ನಲ್ಲಿ ಚಿತ್ರ ಹಾಕಿ ಬರೆದಿದೆ. ಮ್ಯಾನುಯಲ್ಲು ಗ್ಲೋವ್ ಬಾಕ್ಸಲ್ಲಿ, ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇದೆ. ಹೈಬ್ರಿಡ್ ಇಟ್ಕೊಂಡಿರೋರು ದಯವಿಟ್ಟು ಒಂದ್ಸಲ ತೆರೆದು ನೋಡಿ. ಆ ಕಿಂಡಿ ಮೇಲೆ ಶಾಲು, ದಿಂಬು, ರೊಟ್ಟಿ ಗಂಟು ಇಡಬೇಡಿ. ವರ್ಷಕ್ಕೊಮ್ಮೆ ಧೂಳು ತೆಗೆಸಿ.