ಶ್ರೀ 4294967297: ಒಂದು ಚಾರಿತ್ರ್ಯ ಪರಿಶೀಲನೆ

4294967297 ಹತ್ತಂಕಿಯ ಬೆಸಸಂಖ್ಯೆ. ಪೂರ್ಣ ನಾಮಧೇಯ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಮೈಮೇಲೆ 2, 4, 6, 7, 9 ಮಾತ್ರ ಕಾಣುತ್ತವೆ. ಉಳಿದ ಐದು ಅಂಕಿಗಳಿಗೆ ಪ್ರವೇಶವಿಲ್ಲ. ಇದರ ಗೂಢಾರ್ಥ ಹುಡುಕಿ ಪಿಎಚ್‌ಡಿಗೆ ಹೊರಡುವವರನ್ನು ಇಲ್ಲಿಯೇ ತಡೆಯುವುದು ಒಳಿತು. ಗೂಢಾರ್ಥವೇನೂ ಇಲ್ಲ. ದ್ವಿಮಾನ ಪದ್ಧತಿಯಲ್ಲಿ ಬರೆದರಂತೂ ಎರಡು ತುದಿಗೆ ಒಂದೊಂದು 1, ನಡುವೆ 31 ಸೊನ್ನೆ. ದಶಮಾನದಲ್ಲಿ ಸೊನ್ನೆಯನ್ನು ಹತ್ತಿರ ಸೇರಿಸದ ಮಡಿವಂತಿಕೆ ಅಲ್ಲಿ ನಡೆಯುವುದಿಲ್ಲ.

ವಂಶ ದೊಡ್ಡದು. 2ರ 32ನೆಯ ಘಾತಕ್ಕೆ 1 ಕೂಡಿಸಿದಾಗ ಹುಟ್ಟುವ ಇದು ಫರ್ಮಾ ಮನೆತನಕ್ಕೆ ಸೇರಿದ್ದು. ಹಿರಿಯರು ಐವರು: 3, 5, 17, 257, 65537. ಹಿರಿಯರಿಂದ 1 ಕಳೆದು, ವರ್ಗ ಮಾಡಿ, 1 ಕೂಡಿಸಿದರೆ ಕಿರಿಯರು ಬರುತ್ತಾರೆ. ಐವರೂ ಅವಿಭಾಜ್ಯರು. ಹೀಗಿರುವಾಗ ಆರನೆಯವರ ನಡತೆ ವಿಚಾರಿಸುವುದು ಅಸಭ್ಯತನವೆಂದು ತೋರಿರಬೇಕು. ತುಲೂಸಿನ ನ್ಯಾಯಾಲಯದಲ್ಲಿದ್ದ ಪಿಯರ್ ಡಿ ಫರ್ಮಾ 1640ರಲ್ಲಿ ಇಡೀ ಮನೆತನವೇ ಅವಿಭಾಜ್ಯವೆಂದು ನಂಬಿಕೆ ಸೂಚಿಸಿದ. ಸಾಧನೆ ತನ್ನ ಬಳಿ ಇಲ್ಲವೆಂದೂ ಒಪ್ಪಿಕೊಂಡ. ಸಾಕ್ಷಿಯಿಲ್ಲದ ಈ ತೀರ್ಪು 92 ವರ್ಷ ನಿಂತಿತು.

ಸೋಜಿಗವೆಂದರೆ, ಪರೀಕ್ಷೆಯ ಒರೆಗಲ್ಲೂ ಫರ್ಮಾನದೇ. ಒಂದು ಬೆಸಸಂಖ್ಯೆ ಅವಿಭಾಜ್ಯವಾಗಿದ್ದರೆ, 2ನ್ನು ಅದಕ್ಕಿಂತ ಒಂದು ಕಡಿಮೆಯ ಘಾತಕ್ಕೇರಿಸಿ ಅದರಿಂದಲೇ ಭಾಗಿಸಿದಾಗ 1 ಶೇಷ ಉಳಿಯಬೇಕು. ಪ್ರಸ್ತುತ ಸಂಖ್ಯೆ ಈ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. 2ರ ಬದಲು 3ನ್ನು ಹಿಡಿದರೆ ಮಾತ್ರ ಶೇಷ 1 ಬಾರದೆ ಬಣ್ಣ ಬಯಲಾಗುತ್ತದೆ. ಇಂಥವರಿಗೆ ಗಣಿತಶಾಸ್ತ್ರ ಇಟ್ಟಿರುವ ಬಿರುದು ‘ಹುಸಿ ಅವಿಭಾಜ್ಯ’.

1732ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೊನಾರ್ಡ್ ಆಯ್ಲರ್ ಗುಟ್ಟು ರಟ್ಟು ಮಾಡಿದ:

4294967297 = 641 × 6700417.

ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕ 64ರ ಗುಣಕಕ್ಕೆ 1 ಕೂಡಿಸಿದಂತಿರಬೇಕೆಂದು ಆತನೇ ಮುಂದೆ ಸಾಧಿಸಿಕೊಟ್ಟ. ಆ ನಿಯಮ ಹಿಡಿದು ಹೊರಟರೆ 193, 257, 449, 577 ಎಂಬ ನಾಲ್ಕು ಬಾಗಿಲು ತಟ್ಟಿ ಬರಿಗೈಯಲ್ಲಿ ಹಿಂತಿರುಗಬೇಕು, ಐದನೆಯದೇ 641. ಸುಮಾರು ಒಂದು ಶತಮಾನದ ಕೀರ್ತಿಗೆ ಐದು ಭಾಗಾಕಾರದ ಬೆಲೆ.

ಇನ್ನೊಂದು ಅಪವಾದವನ್ನೂ ದಾಖಲಿಸಬೇಕು. 4ರಿಂದ ಭಾಗಿಸಿದಾಗ 1 ಉಳಿಸುವ ಅವಿಭಾಜ್ಯ ಸಂಖ್ಯೆಯು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ಬಗೆಯಲ್ಲಿ ಒಡೆಯುತ್ತದೆ, ಅದು ಏಕಪತ್ನೀವ್ರತ. ಇಲ್ಲಿ 65536 ಮತ್ತು 1ರ ವರ್ಗಗಳ ಬಹಿರಂಗ ಸಂಸಾರದ ಜೊತೆಗೆ 62264 ಮತ್ತು 20449ರ ವರ್ಗಗಳ ಎರಡನೆಯ ಸಂಸಾರವೂ ಸಿಕ್ಕಿದೆ. ಲೆಕ್ಕ ಕೂಡಿ ನೋಡಬಹುದು.

ರೇಖಾಗಣಿತದಲ್ಲೂ ಮಾನಹಾನಿ ತಪ್ಪಿಲ್ಲ. ಇಷ್ಟು ಭುಜಗಳ ಕ್ರಮಬಹುಭುಜವನ್ನು ಅಳತೆ ಗುರುತುಗಳಿಲ್ಲದ ರೂಲರ್ ಮತ್ತು ಕೈವಾರದಿಂದ ರಚಿಸಲು ಸಾಧ್ಯವೇ ಇಲ್ಲ. ಎರಡು ಭುಜ ಕಡಿಮೆ ಮಾಡಿಕೊಂಡರೆ, ತಾತ್ತ್ವಿಕವಾಗಿ, ಸಾಧ್ಯ: 4294967295 ಆ ಐವರು ಹಿರಿಯರ ಗುಣಲಬ್ಧ. ಕಾಗದದ ಖರ್ಚು ಬೇರೆ.

ಮನೆತನದ ಮುಂದಿನ ಸ್ಥಿತಿ ಶೋಚನೀಯ. ಐವರ ನಂತರ ಇಂದಿನವರೆಗೆ ಒಬ್ಬ ಅವಿಭಾಜ್ಯನೂ ಪತ್ತೆಯಾಗಿಲ್ಲ. ಪ್ರಸ್ತುತ ಸಂಖ್ಯೆಗೆ ಕಂಪ್ಯೂಟರಿನ ಕೆಲವು ಕೋಶಗಳಲ್ಲೂ ನೆಲೆಯಿಲ್ಲ. 32 ಬಿಟ್‌ಗಳ, ಋಣಚಿಹ್ನೆ ಒಪ್ಪದ ಕೋಶದಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 4294967295. ಅದರೊಳಗೆ 4294967297ನ್ನು ತುರುಕಿದರೆ ತುದಿಯ ಬಿಟ್ ಉದುರಿ, ಬರಿಯ 1 ಎಂದು ದಾಖಲಾಗುತ್ತದೆ.