ಕೊನೇ ಗಿರಾಕಿ ಪಾಲು

(ತಿಪಟೂರು ಕಡೆಯ ಒಂದು ಪೆಟ್ರೋಲ್ ಬಂಕು. ತಾತ ಟಿವಿಎಸ್ ಗಾಡಿ ತಳ್ಳಿಕೊಂಡು ಬಂದಿದ್ದಾರೆ.)

ಮಂಜ: ಕರೆಂಟಿಲ್ಲ ತಾತ.

ತಾತ: ಜನರೇಟರ್ ಹಾಕೋ.

ಮಂಜ: ಡೀಸೆಲ್ ಖಾಲಿ.

ತಾತ: ಬಂಕಲ್ಲಿ ನಿಂತ್ಕೊಂಡು ಡೀಸೆಲ್ ಖಾಲಿ ಅಂತೀಯಲ್ಲೋ!

ಮಂಜ: ನೆಲದಡಿ ಬೇಕಾದಷ್ಟಿದೆ. ಮೇಲಕ್ಕೆತ್ತೋಕೆ ಕರೆಂಟ್ ಬೇಕಲ್ಲ?

ತಾತ: ರಟ್ಟೆ ಬೇಕು ಕಣೋ, ರಟ್ಟೆ. ಬರ್ಮಾ ಶೆಲ್ ಅನ್ನೋ ಪೆಟ್ರೋಲ್ ಕಂಪನೀನ ಸರ್ಕಾರ ತಗೊಂಡಿದ್ದು 1976ರಲ್ಲಿ. ಅದಕ್ಕೂ ಮೊದಲೇ ನಾನು ಒಂದು ಬಂಕಲ್ಲಿ ಹ್ಯಾಂಡಲ್ ಹೊಡೀತಿದ್ದೆ.

ಮಂಜ: ಬೋರ್‌ವೆಲ್ ಥರ?

ತಾತ: ಅದು ಮೇಲೆ ಕೆಳಗೆ, ಇದು ಹಿಂದೆ ಮುಂದೆ. ಪಂಪಿನ ನೆತ್ತಿ ಮೇಲೆ ಎರಡು ಗಾಜಿನ ಜಾಡಿ, ಒಂದೊಂದು 5 ಲೀಟರು. ಹೊಡೀತಾ ಹೋದ್ರೆ ಪೆಟ್ರೋಲು ಗುಳುಗುಳು ಅಂತ ಏರೋದು, ಮೇಲೆ ಒಂಚೂರು ನೊರೆ. ಹೆಚ್ಚಾಗಿದ್ದು ತಾನಾಗೇ ವಾಪಸ್ ಟ್ಯಾಂಕಿಗೆ. ಒಂದು ಜಾಡಿ ಗಾಡಿಗೆ ಇಳೀತಿರೋವಾಗ ಇನ್ನೊಂದು ತುಂಬ್ತಿರೋದು. ಲಾರಿ ಬಂತೂಂದ್ರೆ ಮಾತ್ರ ನನ್ನ ಭುಜದ ಕೀಲು ಕೈಗೆ ಬರೋದು.

ಮಂಜ: ಮೀಟ್ರು?

ತಾತ: ಗಿರಾಕಿ ಕಣ್ಣೇ ಮೀಟ್ರು. ನಿನ್ನ ಹಾಗೆ ‘ಝೀರೋ ನೋಡ್ಕಳಿ ಸಾರ್’ ಅಂದು ಆಕಾಶ ನೋಡ್ತಿರಲಿಲ್ಲ.

ಮಂಜ: ಹಂಗಾದ್ರೆ ಮೋಸಾನೇ ಇರ್ಲಿಲ್ಲ ಅನ್ನಿ.

ತಾತ: ಜಾಡೀಲಿ ಇರ್ಲಿಲ್ಲ. ಪೈಪು ಜೋತುಬಿದ್ರೆ ಹೊಟ್ಟೇಲಿ ಒಂದು ಗುಟುಕು ಉಳಿಯೋದು. ಲ್ಯಾಂಬ್ರೆಟಾ ಮೇಷ್ಟ್ರೊಬ್ಬರು ಪೈಪನ್ನ ಹೆಬ್ಬಾವಿನ ಥರ ಹೆಗಲ ಮೇಲೆ ಹಾಕ್ಕೊಂಡು, ಮೊಳ ಮೊಳ ಎತ್ತಿ, ಕೊನೇ ಹನಿ ಬೀಳೋ ತನಕ ಬಿಡ್ತಿರಲಿಲ್ಲ.

ಮಂಜ: ಬೇರೆಯವರ ಗುಟುಕು?

ತಾತ: ಹಿಂದಿನ ಗಿರಾಕೀದು ಮುಂದಿನವನಿಗೆ. ಧರ್ಮದ ಲೆಕ್ಕ.

ಮಂಜ: ರಾತ್ರಿ ಕೊನೇ ಗಿರಾಕೀದು?

ತಾತ: (ಕೆಮ್ಮುತ್ತಾ) ಅದು ರಟ್ಟೆ ಬಾಬ್ತು.

(ಕರೆಂಟ್ ಬರುತ್ತದೆ.)

ಮಂಜ: ಬಂತು! ಎಷ್ಟಕ್ಕೆ ತಾತ?

ತಾತ: ಐವತ್ತು ರೂಪಾಯಿಗೆ. ಮೊದಲು ಆ 5 ಲೀಟರ್ ಮುದ್ರೆ ಅಳತೆ ತಂದು, ಹಿಡಿದು ತೋರ್ಸು.

ಮಂಜ: ಅರ್ಧ ಲೀಟರೂ ಬರಲ್ಲ, ಅದಕ್ಕೆ 5 ಲೀಟರ್ ಅಳತೇನಾ?

ತಾತ: ಕೇಳಿದ್ರೆ ತೋರಿಸ್ಬೇಕು, ರೂಲ್ಸು. ಹೋಗ್ಲಿ, ಹಾಕು.

ಮಂಜ: ಆಯ್ತು ನೋಡಿ... ತಾತ, ಪೈಪ್ ಬಿಡಿ! ಹೆಗಲ ಮೇಲೆ ಯಾಕೆ ಹಾಕ್ಕೊಂಡ್ರಿ?

ತಾತ: ನೀನು ಆ ಕಡೆಯಿಂದ ಒಂಚೂರು ಎತ್ತೋ.