ಯಾರ ಹೆಸರಿನ ಜೆರ್ಸಿ?

(ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್. ಜೆರ್ಸಿ ಅಂಗಡಿ.)

ಅಭಿಮಾನಿ: ನಮ್ಮ ಯೂನಿವರ್ಸಿಟಿ ಬಾಸ್ಕೆಟ್‌ಬಾಲ್ ಟೀಮಿನ ಹೊಸ ಹುಡುಗನ ಜೆರ್ಸಿ ಕೊಡಿ.

ಅಂಗಡಿಯವ: ಇಲ್ಲೇ ಹಾಕ್ಕೊಂಡ್ಬಿಡಿ ಸ್ವಾಮಿ. ಒಗೆದು ಒಣಗಿಸೋಷ್ಟರಲ್ಲಿ ಅವನು ದುಡ್ಡಿನ ಲೀಗ್ ಎನ್‌ಬಿಎ ಸೇರಿರ್ತಾನೆ.

ಅಭಿಮಾನಿ: ಮತ್ತೆ ಓದು?

ಅಂಗಡಿಯವ: ಆಂಥನಿ ಡೇವಿಸ್ ಈ ಟೀಮಲ್ಲಿ ಒಂದೇ ವರ್ಷ ಇದ್ದ. 2012ರಲ್ಲಿ ಚಾಂಪಿಯನ್‌ಶಿಪ್ ಗೆಲ್ಲಿಸಿ, ಎನ್‌ಬಿಎ ತಂಡಗಳು ಹೊಸಬರನ್ನ ಆರಿಸೋ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಹೊರಟ. ಪೂರ್ತಿ ಓದಿದವರು ಇನ್ನೂ ಸಾಲ ತೀರಿಸ್ತಿದ್ದಾರೆ.

ಅಭಿಮಾನಿ: ಸ್ಟಾರ್ ಆಟಗಾರ ಲೆಬ್ರಾನ್ 2003ರಲ್ಲಿ ಹೈಸ್ಕೂಲಿಂದಲೇ ಎನ್‌ಬಿಎಗೆ ಹೋದನಲ್ಲ?

ಅಂಗಡಿಯವ: 2006ರ ಡ್ರಾಫ್ಟ್‌ನಿಂದ 19 ವರ್ಷ ತುಂಬಬೇಕು ಅಂದರು. ಈಗ ಕಾಲೇಜು ಅಂದ್ರೆ ವೇಟಿಂಗ್ ರೂಮು.

ಅಭಿಮಾನಿ: ಆಟಕ್ಕೇನು ನಷ್ಟ?

ಅಂಗಡಿಯವ: ಐವರಿಗೆ ಒಬ್ಬರಿಗೊಬ್ಬರು ಪಾಸ್ ಕೊಡೋದು ರೂಢಿಯಾಗೋ ಹೊತ್ತಿಗೆ ಬೀಳ್ಕೊಡುಗೆ!

ಅಭಿಮಾನಿ: ನಮ್ಮ ಕೋಚ್ ಕ್ಯಾಲಿಪರಿ ಹೆಸರೇ ಹಾಕಿಕೊಡಿ.

ಅಂಗಡಿಯವ: ಅವರೂ 2024ರಲ್ಲಿ ಅರ್ಕಾನ್ಸಾಕ್ಕೆ ಹೋದರು. ನಿಮ್ಮ ಹೆಸರೇ ಹಾಕಿಸಿ. ಬಿಟ್ಟು ಹೋಗದೆ ಉಳಿದವರು ನೀವೊಬ್ಬರೇ.